ಖಾಸಗಿ ಶಾಲೆ: ನಮ್ಮ ಮನೆಗಳ ಮಾತು



ಸರ್ಕಾರಿ ಶಾಲೆ ಉಳಿಯಬೇಕು ಎಂದಾಗ ಜೋರು ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಬಹಳ ಮಂದಿಯ ಮಕ್ಕಳು ನಾಳೆ ಬೆಳಿಗ್ಗೆ ಹಳದಿ ವ್ಯಾನು ಹತ್ತುತ್ತಾರೆ. ಅವರನ್ನು ಬೈಯಲು ನಾನು ನಿಂತಿಲ್ಲ.

ಈ ಹೈಸ್ಕೂಲು ತುಂಬಬೇಕಾದರೆ ಊರಿನ ಪ್ರಾಥಮಿಕ ಶಾಲೆ ತುಂಬಿರಬೇಕು. ಆ ಶಾಲೆ ಒಂದನೇ ತರಗತಿಯ ವಯಸ್ಸಾಗಲಿ ಎಂದು ಕಾಯುವಷ್ಟರಲ್ಲಿ ಮಗು ಎಲ್‌ಕೆಜಿ, ಯುಕೆಜಿ ಮುಗಿಸಿ ಖಾಸಗಿ ಶಾಲೆಯಲ್ಲೇ ಗೆಳೆಯರನ್ನು ಮಾಡಿಕೊಂಡಿರುತ್ತದೆ. ಇಂಗ್ಲಿಷಿನ ಮಾತು ಬಿಡಿ, 2007ರಿಂದ ನಮ್ಮಲ್ಲೂ ಒಂದನೇ ತರಗತಿಯಿಂದಲೇ ಇದೆ. ತಾಯಂದಿರು ಕೇಳುವುದು ತರಗತಿಗೊಬ್ಬ ಮೇಷ್ಟ್ರು ಇದ್ದಾರೆಯೇ ಎಂದು. ನಲಿ-ಕಲಿ ಒಳ್ಳೆಯ ಪದ್ಧತಿಯೇ. ಆದರೂ ಮೂರು ತರಗತಿ ಒಟ್ಟಿಗೆ ಕೂತದ್ದನ್ನು ಕಂಡ ತಾಯಿಗೆ ಮೇಷ್ಟ್ರು ಸಾಲದು ಎಂದೇ ಅನಿಸುತ್ತದೆ.

ನನಗೆ ನೋವಾಗುವುದು ಬೇರೊಂದಕ್ಕೆ. ಒಬ್ಬರ ಫೀಸು ಮಾತ್ರ ಹೊಂದುವ ಮನೆಯಲ್ಲಿ ಮಗ ವ್ಯಾನು ಹತ್ತುತ್ತಾನೆ, ಮಗಳು ನಡೆದು ಇಲ್ಲಿಗೆ ಬರುತ್ತಾಳೆ. ಎಂಟನೇ ತರಗತಿಯ ಹುಡುಗಿಯರನ್ನು ಕೇಳಿ ನೋಡಿ. ‘ನಮ್ಮಣ್ಣ ಕಾನ್ವೆಂಟು’ ಎನ್ನುವಾಗ ಹೆಮ್ಮೆಯೂ ಇರುತ್ತದೆ, ದನಿಯೂ ಸಣ್ಣದಾಗುತ್ತದೆ. ಅಣ್ಣನದೂ ರಾಜ್ಯ ಪಠ್ಯಕ್ರಮವಾದರೆ ಹತ್ತನೇ ತರಗತಿಯಲ್ಲಿ ಇಬ್ಬರೂ ಬರೆಯುವುದು ಅದೇ ಎಸ್ಸೆಸ್ಸೆಲ್ಸಿ ಪರೀಕ್ಷೆ! ಅದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ.

ಮಹೋತ್ಸವದ ಹಣದಲ್ಲಿ ಕಮಾನು ಕಟ್ಟುವ ಮಾತು ನಡೆದಿದೆ. ಕಮಾನು ಮುಂದಿನ ವರ್ಷವಾದರೂ ಆದೀತು. ಪ್ರಾಥಮಿಕ ಶಾಲೆಗೊಬ್ಬ, ಇಲ್ಲಿ ಗಣಿತಕ್ಕೊಬ್ಬ ಅತಿಥಿ ಶಿಕ್ಷಕರ ಸಂಬಳವನ್ನು ಮೊದಲು ತೆಗೆದಿಡೋಣ. ದಾಖಲಾತಿಗೆಂದು ಮನೆಮನೆಗೆ ಹೋಗುವ ನಮ್ಮ ಮೇಷ್ಟ್ರುಗಳಿಗೆ ಆ ತಾಯಂದಿರಿಗೆ ಹೇಳಲು ಒಂದು ಮಾತಾದರೂ ಸಿಗುತ್ತದೆ.