ಒಂದು ಆಫರ್ ಲೆಟರಿನ ಕಥೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ಕರೆದದ್ದು ಶಾಲೆಯ ನೆನಪುಗಳನ್ನು ಹೇಳಲಿಕ್ಕೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ತುಂಬಾ ಜನ ಇದ್ದಾರೆ. ಹಾಗಾಗಿ ಮಾನವ ಕಳ್ಳಸಾಗಣೆಯ ಬಗ್ಗೆ ಮಾತಾಡುತ್ತೇನೆ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. "ಅದು ನಮ್ಮ ಊರಲ್ಲಿ ಉಂಟಾ?" ಎಂದರು. ಉಂಟು ಸರ್.

ಮಕ್ಕಳನ್ನು ಗೋಣಿಯಲ್ಲಿ ಕಟ್ಟಿ ಒಯ್ಯುವುದೇ ಕಳ್ಳಸಾಗಣೆ ಎಂದು ನಾನೂ ತಿಳಿದಿದ್ದೆ. ಸಿದ್ದಕಟ್ಟೆ, ವೇಣೂರು, ಶಿರ್ತಾಡಿಯಂಥ ನಮ್ಮ ಊರುಗಳಿಗೆ ಅದು ಬರುವುದು ವೀಸಾದ ರೂಪದಲ್ಲಿ. ತರುವವನೂ ಹೆಚ್ಚಾಗಿ ಗುರುತಿನವನೇ.

2022ರ ಮಳೆಗಾಲ. ಇದೇ ಶಾಲೆಯಲ್ಲಿ ನನಗಿಂತ ಎಂಟು ವರ್ಷ ಕೆಳಗೆ ಓದಿದ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಆಫರ್ ಲೆಟರ್ ಕಳಿಸಿದ. "ಅಣ್ಣ, ಬ್ಯಾಂಕಾಕ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ. ಸರಿ ಉಂಟಾ ಒಮ್ಮೆ ನೋಡಿ." ನಾನು ಬೆಂಗಳೂರಿನ ಆಫೀಸಿನಲ್ಲಿ ಯಾವುದೋ ಮೀಟಿಂಗ್‌ನಲ್ಲಿದ್ದೆ. ಲೆಟರನ್ನು ತೆರೆಯಲೇ ಇಲ್ಲ. "ಆಲ್ ದಿ ಬೆಸ್ಟ್" ಎಂದು ಉತ್ತರಿಸಿದೆ. ಅವನ ಮನೆಯಲ್ಲಿ ಅದು "ಇಂಜಿನಿಯರ್ ಅಣ್ಣ ನೋಡಿದ್ದಾರೆ, ಸರಿ ಉಂಟಂತೆ" ಎಂದಾಯಿತು.

ಬ್ಯಾಂಕಾಕ್‌ನಲ್ಲಿ ಕೆಲಸವೇ ಇರಲಿಲ್ಲ. ಅಲ್ಲಿಂದ ಕಾರಿನಲ್ಲಿ ಒಯ್ದು, ಗಡಿಯ ನದಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಕೂಡಿಹಾಕಿದರು. ಪಾಸ್‌ಪೋರ್ಟ್ ಕಿತ್ತುಕೊಂಡರು. ಹೆಣ್ಣಿನ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಜನರನ್ನು ಕ್ರಿಪ್ಟೋ ಹೂಡಿಕೆಯ ಮೋಸಕ್ಕೆ ಎಳೆಯುವುದೇ ಅವನ ಕೆಲಸ. ಹೇಳಿದಷ್ಟು ಜನ ಸಿಗದ ದಿನ ಪೆಟ್ಟು. ತಾಯಿ ಚಿನ್ನ ಅಡವಿಟ್ಟು ಹಣ ಕಳಿಸಿ ಬಿಡಿಸಿಕೊಂಡರು. ಅಷ್ಟು ತಿಂಗಳೂ ಕೇಳಿದವರಿಗೆ "ಮಗ ಚೆನ್ನಾಗಿದ್ದಾನೆ" ಎಂದೇ ಹೇಳಿದ್ದರು. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡ.

ಅವನು ವಾಪಸು ಬಂದ ಮೇಲೆ ಆ ಲೆಟರನ್ನು ತೆರೆದೆ. ಕಂಪನಿಯ ವೆಬ್‌ಸೈಟ್ ನೋಂದಣಿಯಾಗಿ ಆಗ ತಿಂಗಳೂ ಆಗಿರಲಿಲ್ಲ. ವೀಸಾ ಪ್ರವಾಸಿ ವೀಸಾ. ಇಷ್ಟು ನೋಡಲು ನನಗೆ ಐದು ನಿಮಿಷ ಸಾಕಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ, ಥಾಯ್ಲೆಂಡ್ ಕೆಲಸದ ಹೆಸರಿನಲ್ಲಿ ಐಟಿ ಕಲಿತ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸುತ್ತಿದ್ದಾರೆ ಎಂದು ಎಚ್ಚರಿಸಿತು. 2025ರ ಮಾರ್ಚ್ 10ರಂದು ವಾಯುಪಡೆಯ ವಿಮಾನದಲ್ಲಿ ಅಂಥ 283 ಭಾರತೀಯರನ್ನು ಕರೆತರಲಾಯಿತು.

ಗಂಡುಮಕ್ಕಳಿಗೆ ಮಾತ್ರವಲ್ಲ. 2016ರಲ್ಲಿ ಉಡುಪಿ ಜಿಲ್ಲೆಯ ಒಬ್ಬ ತಾಯಿಗೆ ಕತಾರ್‌ನಲ್ಲಿ ಮನೆಗೆಲಸ ಎಂದು ಹೇಳಿ ಸೌದಿಗೆ ಸಾಗಿಸಿದ್ದರು. ಅವರು ಊರಿಗೆ ಮರಳಿದ್ದು 2017ರಲ್ಲಿ. ಅದಕ್ಕಾಗಿ ಹೋರಾಡಿದವರು ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು. ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ಶಾನುಭಾಗರಿಗಾದರೂ ಹೇಗೆ ಗೊತ್ತಾಗಬೇಕು?

ಇನ್ನು ಎಸ್‌ಎಸ್‌ಎಲ್‌ಸಿಯ ವಿಷಯ. ಮಕ್ಕಳು ಕೇಳಬೇಕು. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್ ಪಾಸ್‌ಪೋರ್ಟ್. ಅದರಲ್ಲಿ ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಅದನ್ನು ತಪ್ಪಿಸಲು ಕೆಲವು ಏಜೆಂಟರು ವಿಸಿಟ್ ವೀಸಾ ಮಾಡಿಸುತ್ತಾರೆ, "ಅಲ್ಲಿ ಹೋದ ಮೇಲೆ ಬದಲಾಯಿಸುವ" ಎನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಉಂಟು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡು ಲಕ್ಷ ಕೇಳುವವನು ಯಾರೆಂದು ನೀವೇ ಯೋಚಿಸಿ.

"ಅವನೇ ಒಪ್ಪಿ ಹೋದದ್ದಲ್ಲವಾ?" ಎಂದು ಊರಿನಲ್ಲಿ ಹೇಳುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಅದಕ್ಕೆ ಉತ್ತರ ಕೊಟ್ಟಿದೆ: ಮೋಸದಿಂದ, ಬಲವಂತದಿಂದ ಸಾಗಿಸಿ ಶೋಷಿಸಿದರೆ ಸಂತ್ರಸ್ತರು ಒಪ್ಪಿದ್ದರೇ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ದೂರು ಕೊಡಲು ನಾಚಿಕೆ ಬೇಡ. ತುರ್ತಿಗೆ 112, ಮಕ್ಕಳ ವಿಷಯವಾದರೆ 1098, ವಿದೇಶದ ಕೆಲಸದ ಬಗ್ಗೆ ವಿಚಾರಿಸಲು 1800 11 3090.

ಆ ಹುಡುಗ ಈಗ ಬಿ.ಸಿ. ರೋಡಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಚಿನ್ನ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ನಾನು ಕ್ಷಮೆ ಕೇಳಲು ಹೋದಾಗ ಅವನ ತಾಯಿ ಚಾ ಕೊಟ್ಟರು, ಏನೂ ಹೇಳಲಿಲ್ಲ.

ನನ್ನ ನಂಬರನ್ನು ಶಾಲೆಯ ಆಫೀಸಿನಲ್ಲಿ ಬರೆದಿಟ್ಟಿದ್ದೇನೆ. ಯಾರಿಗೇ ಆಫರ್ ಲೆಟರ್ ಬಂದರೂ ಕಳಿಸಿ. ಇನ್ನು ಮೇಲೆ ಪೂರ್ತಿ ಓದಿಯೇ ಉತ್ತರಿಸುತ್ತೇನೆ.