ಸೆರೆಮನೆಯ ರೋಗಿಯೂ ಔಷಧಶಾಸ್ತ್ರಜ್ಞನೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಸೆರೆಮನೆಯ ಮಾತೇಕೆಂದು ತಾವು ಕೇಳಬಹುದು. 2022ರ ಕೊನೆಯಲ್ಲಿ ನಮ್ಮ ದೇಶದ ಸೆರೆಯಾಳುಗಳ ಪೈಕಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣೆ ಮುಗಿಯದವರೇ ಆಗಿದ್ದರು. ರೋಗವಾದರೋ ತೀರ್ಪಿಗಾಗಿ ಕಾಯುವುದಿಲ್ಲ.

ನಮ್ಮ ಮಾತ್ರೆಯ ಡಬ್ಬಿ ನಮ್ಮ ಕೈಯಲ್ಲಿರುತ್ತದೆ. ಸೆರೆಯಾಳಿನದು ಸಾಮಾನ್ಯವಾಗಿ ಬೇರೊಬ್ಬರ ಬೀಗದೊಳಗೆ. ಪ್ರತಿ ಸೆರೆಮನೆಯಲ್ಲಿಯೂ ಆಸ್ಪತ್ರೆಯೋ ತಕ್ಕ ಸ್ಥಳವೋ ಇರಬೇಕೆಂದು 1894ರ ಕಾಯಿದೆಯೇ ವಿಧಿಸಿತು. ಆದರೆ ವೈದ್ಯರು ಚೀಟಿ ಬರೆದ ಮಾತ್ರಕ್ಕೆ ಕಾರ್ಯ ಮುಗಿಯದು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿ, ಊಟ ತಡವಾದರೆ, ರಕ್ತದ ಸಕ್ಕರೆ ಇಳಿದು ರೋಗಿ ಮೂರ್ಛೆ ಹೋದಾನು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಚ್‌ಐವಿಯ ಕೆಲವು ಔಷಧಗಳ ಬಲವನ್ನು ತಗ್ಗಿಸುತ್ತದೆ. ನಿದ್ರೆಯ ಮಾತ್ರೆಯನ್ನು ನುಂಗಿದಂತೆ ನಟಿಸಿ, ಕೆನ್ನೆಯಲ್ಲಿ ಅಡಗಿಸಿಕೊಂಡು, ಬಳಿಕ ಮಾರುವವರೂ ಉಂಟು! ಇವೆಲ್ಲವನ್ನೂ ನೋಡಿಕೊಳ್ಳುವವರಾರು?

ಹಿಂದೆ ಕಾಂಪೌಂಡರು ಔಷಧವನ್ನು ಬೆರೆಸಿ ಸೀಸೆಗೆ ತುಂಬಿ ಕೊಡುತ್ತಿದ್ದರು. ಇಂದಿನ ಕ್ಲಿನಿಕಲ್ ಫಾರ್ಮಸಿಸ್ಟ್ ರೋಗಿಯ ಬಳಿಗೇ ಹೋಗಿ, ಅವನು ಸೇವಿಸುವ ಔಷಧಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ವೈದ್ಯರಿಗೆ ಸಲಹೆ ಕೊಡುತ್ತಾನೆ. ಇದಕ್ಕೆಂದೇ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣವು 2008ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು, ಅನಂತಪುರದಲ್ಲಿಯೂ ದೊರೆಯುತ್ತದೆ. ಬ್ರಿಟನ್ನಿನ ಸೆರೆಮನೆಗಳಲ್ಲಿ ಇಂಥವರು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಆ ಪರಿಪಾಠ ಇನ್ನೂ ಬೆಳೆಯಬೇಕಾಗಿದೆ.

ನನ್ನನ್ನು ಹೆಚ್ಚಾಗಿ ಕಾಡುವುದು ಬಿಡುಗಡೆಯ ದಿನ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಎರಡನೆಯ ತಿಂಗಳಲ್ಲಿ ಸಂಜೆ ಹಠಾತ್ತನೆ ಜಾಮೀನು ದೊರೆತು, ಬರಿಗೈಯಲ್ಲಿ ಊರಿಗೆ ಬಂದವನು ಮಾತ್ರೆ ನಿಲ್ಲಿಸಿದರೆ, ಆ ರೋಗವು ಔಷಧಕ್ಕೆ ಬಗ್ಗದಂತೆ ಬಲಿತು, ಮನೆಯ ಮಕ್ಕಳಿಗೂ ಹರಡಬಹುದು. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಂಡೇಲಾ ನಿಯಮಗಳು ಚಿಕಿತ್ಸೆಯು ಮುರಿಯಬಾರದೆಂದು ಹೇಳುತ್ತವೆ. ಕೆಲವು ದಿನಗಳ ಮಾತ್ರೆಯನ್ನೂ ಅವನ ಊರಿನ ಆರೋಗ್ಯ ಕೇಂದ್ರಕ್ಕೊಂದು ಪತ್ರವನ್ನೂ ಕೊಟ್ಟು ಕಳುಹಿಸುವುದು ಔಷಧಶಾಸ್ತ್ರಜ್ಞನು ವಹಿಸಿಕೊಳ್ಳಬಹುದಾದ ಕಾರ್ಯ.

ಅವನ ಊರು ಎಲ್ಲಿಯದು? ನಮ್ಮ ರಾಯದುರ್ಗವು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಮೊಳಕಾಲ್ಮೂರು ಬೇರೆ ರಾಜ್ಯ. ಕ್ಷಯಕ್ಕೆ ಈ ಗಡಿಯ ಪರಿವೆಯಿಲ್ಲ, ಕಾಗದಪತ್ರಗಳಿಗೆ ಉಂಟು. ಸೆರೆಮನೆಯ ಪತ್ರ ತೆಲುಗಿನಲ್ಲಿ, ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ, ಅವನು ಓದಬಲ್ಲದ್ದು ಕನ್ನಡ ಮಾತ್ರ ಎಂದಾದರೆ ಏನು ಮಾಡಿಯಾನು? ಇಂಟರ್‌ಮೀಡಿಯೆಟ್‌ನಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳಲಿರುವ ಮಕ್ಕಳೇ, "ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ, ಬಿಡದೆ ಆರು ತಿಂಗಳು" ಎಂದು ಅವನಿಗೆ ಕನ್ನಡದಲ್ಲಿ ಬರೆದುಕೊಡಬಲ್ಲವರು ನಿಮ್ಮಲ್ಲಿ ಯಾರಿದ್ದೀರಿ?