ಕಾರ್ಯಾಗಾರ ಯಾರಿಗೆ? ಬ್ಯಾನರಿಗೋ, ವಿದ್ಯಾರ್ಥಿಗೋ?

(ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ಗ್ರಂಥಪಾಲಕರ ದಿನದಂದು ನಿವೃತ್ತ ಗ್ರಂಥಪಾಲಕರೊಬ್ಬರು ಮಾಡಿದ ಭಾಷಣ)



ಇಂದು ಆಗಸ್ಟ್ 12. ಎಸ್. ಆರ್. ರಂಗನಾಥನ್ ಅವರ ನೆನಪಿನಲ್ಲಿ ದೇಶವೆಲ್ಲ ಗ್ರಂಥಪಾಲಕರ ದಿನ ಆಚರಿಸುತ್ತದೆ. ತಮಿಳುನಾಡಿನಲ್ಲಿ ಹುಟ್ಟಿದ ಆ ಹಿರಿಯರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಗ್ರಂಥಾಲಯಗಳಿಗೆಂದು ಅವರು 1931ರಲ್ಲೇ ಐದು ಸೂತ್ರ ಕೊಟ್ಟರು. ಪ್ರತಿ ಓದುಗನಿಗೂ ಬೇಕಾದ ಪುಸ್ತಕ ಸಿಗಬೇಕು, ಅವನ ಹೊತ್ತು ಹಾಳಾಗಬಾರದು; ಇದು ಅವುಗಳಲ್ಲಿ ಎರಡರ ಸಾರ. ಈ ಎರಡನ್ನೇ ಹಿಡಿದು ಕೇಳುತ್ತೇನೆ: ನಮ್ಮ ಗ್ರಂಥಾಲಯಗಳ ಕಾರ್ಯಾಗಾರಗಳು ಯಾರಿಗಾಗಿ ನಡೆಯುತ್ತಿವೆ?

ನಾನು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ 'ಎನ್-ಲಿಸ್ಟ್' ಕಾರ್ಯಾಗಾರ ಏರ್ಪಾಡಾಗಿತ್ತು. ಕಾಲೇಜು ಮಕ್ಕಳು ಮನೆಯಲ್ಲೇ ಕುಳಿತು ಸಾವಿರಾರು ವಿದ್ವತ್ಪತ್ರಿಕೆಗಳನ್ನು ಓದಲೆಂದು ಇನ್‌ಫ್ಲಿಬ್‌ನೆಟ್ ಕೇಂದ್ರ ತಂದ ಒಳ್ಳೆಯ ಯೋಜನೆ ಅದು. ಬ್ಯಾನರು ಇಂಗ್ಲಿಷ್, ಸ್ವಾಗತ ಇಂಗ್ಲಿಷ್, ಎರಡು ಗಂಟೆಯ ಉಪನ್ಯಾಸ ಇಂಗ್ಲಿಷ್! ಕೇಳಲು ಕುಳಿತವರಲ್ಲಿ ಹೆಚ್ಚಿನವರು ಕನ್ನಡದಲ್ಲೇ ಪರೀಕ್ಷೆ ಬರೆಯುವ ಬಿ.ಎ. ಮಕ್ಕಳು. ಕೊನೆಗೆ "ಎನಿ ಡೌಟ್ಸ್?" ಎಂದರು. ಒಂದು ಕೈಯೂ ಏಳಲಿಲ್ಲ. ಹಾಜರಿಗೆ ಸಹಿಯಾಯಿತು, ಫೋಟೋ ಆಯಿತು, ಸರ್ಟಿಫಿಕೇಟೂ ಸಿಕ್ಕಿತು.

ಮರುದಿನ ಒಬ್ಬ ಹುಡುಗಿ ಬಂದಳು. "ಸಾರ್, ಪಾಸ್‌ವರ್ಡ್ ಬಂದಿದೆ. ಆದ್ರೆ ಅದ್ರಲ್ಲಿ ಹೆಂಗೆ ಹುಡುಕೋದು ಗೊತ್ತಾಗ್ಲಿಲ್ಲ. ಇಂಗ್ಲಿಷಲ್ಲಿ ಕೇಳೋಕೆ ಭಯ ಆಯ್ತು" ಎಂದಳು. ಅವಳ ವಿಷಯ ರಾಗಿ ಬೆಳೆಗಾರರ ಸಾಲ. ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದೆ: ಇಡೀ ವಾಕ್ಯ ಹೊಡೆಯಬೇಡಮ್ಮ, ಬೆಳೆಯ ಹೆಸರು ಹಾಕು, ಸಾಲಕ್ಕೆ ಇಂಗ್ಲಿಷ್ ಪದ ಹಾಕು; ತುಂಬಾ ಬಂದರೆ ರಾಜ್ಯದ ಹೆಸರು ಸೇರಿಸು; ಮೊದಲು ಸಾರಾಂಶ ಓದು, ಬೇಕಾದರೆ ಮಾತ್ರ ಮುಂದೆ ಹೋಗು. ಅರ್ಧ ಗಂಟೆ ಹಿಡಿಯಿತು, ಅಷ್ಟೇ. ಎರಡು ಲೇಖನ ಸಿಕ್ಕವು. ಅವೂ ಇಂಗ್ಲಿಷಿನವೇ! ನಿಘಂಟು ಹಿಡಿದು ಓದಿದಳು. ಇಂಗ್ಲಿಷ್ ಬಾಗಿಲಿಗೆ ಅವಳನ್ನು ತಲುಪಿಸಿದ್ದು ಕನ್ನಡ. ನಮ್ಮ ಜಗಳ ಇಂಗ್ಲಿಷ್ ಪುಸ್ತಕದ ಮೇಲಲ್ಲ ಸ್ವಾಮಿ, ಮಕ್ಕಳ ಬಾಯಿ ಕಟ್ಟಿಹಾಕುವ ಒಣ ಪ್ರತಿಷ್ಠೆಯ ಮೇಲೆ.

ಕನ್ನಡದಲ್ಲಿ ಇದೆಲ್ಲ ಹೇಳಲಾಗದು ಎನ್ನುವವರು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವನ್ನು ನೆನೆಯಲಿ. ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಇತಿಹಾಸವನ್ನು ಕನ್ನಡದಲ್ಲೇ ಹೇಳಿದರು. ಆ ಪ್ರಚಾರೋಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಜನರ ಕೈ ಸೇರಿದವು. ಹಳ್ಳಿಯ ಜಗಲಿಯಲ್ಲಿ ಆದದ್ದು ಕಾಲೇಜಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಆಗದೆ?

ಇನ್ನೊಂದು ಸಂಕಟ ಕೇಳಿ. ಎಷ್ಟೋ ಕಾಲೇಜುಗಳ ಗಣಕ ಸೂಚಿಯಲ್ಲಿ 'ಮರಳಿ ಮಣ್ಣಿಗೆ' ಎಂದು ಕನ್ನಡದಲ್ಲಿ ಹೊಡೆದರೆ ಉತ್ತರ ಸೊನ್ನೆ. ಪುಸ್ತಕ ಕಪಾಟಿನಲ್ಲೇ ಇದೆ! ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದಾರೆ. ಒಂದು ಪ್ರತಿಗೆ ಒಂದು ಕಾಗುಣಿತ, ಇನ್ನೊಂದಕ್ಕೆ ಮತ್ತೊಂದು. ಯೂನಿಕೋಡ್ ಬಂದಿದೆ, 'ಕೋಹಾ'ದಂಥ ಉಚಿತ ತಂತ್ರಾಂಶ ಕನ್ನಡ ಲಿಪಿಯನ್ನು ಒಪ್ಪುತ್ತದೆ. ಕೊರತೆ ಯಂತ್ರದ್ದಲ್ಲ, ಮನಸ್ಸಿನದು.

ಆದ್ದರಿಂದ ನನ್ನ ಬೇಡಿಕೆ ನಾಲ್ಕೇ:

1. ಕಾರ್ಯಾಗಾರದ ವಿವರಣೆ ಕನ್ನಡದಲ್ಲಿರಲಿ. ಪರದೆಯ ಮೇಲಿನ ಇಂಗ್ಲಿಷ್ ಪದಕ್ಕೆ ಅಲ್ಲೇ ಅರ್ಥ ಹೇಳಲಿ.

2. ಉಪನ್ಯಾಸಕ್ಕಿಂತ ಕೈಯಾರೆ ಮಾಡುವ ಅಭ್ಯಾಸಕ್ಕೆ ಹೆಚ್ಚು ಹೊತ್ತು ಇರಲಿ.

3. ಎರಡು ಪುಟದ ಕನ್ನಡ ಕೈಪಿಡಿ ಪ್ರತಿಯೊಬ್ಬರಿಗೂ ಸಿಗಲಿ.

4. ಕನ್ನಡ ಪುಸ್ತಕ ಸೂಚಿಯಲ್ಲಿ ಕನ್ನಡ ಲಿಪಿಯಲ್ಲೇ ಇರಲಿ. ಆ ಕೆಲಸವನ್ನು ವಿದ್ಯಾರ್ಥಿಗಳ ಕಾರ್ಯಾಗಾರದಲ್ಲೇ ಶುರುಮಾಡಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಅರ್ಥವಾಗದಿದ್ದರೆ ಎದ್ದು ನಿಂತು ಕನ್ನಡದಲ್ಲೇ ಕೇಳಿ. ಅದು ಅವಮಾನವಲ್ಲ, ನಿಮ್ಮ ಹಕ್ಕು. ಈಗಲೇ ಕೇಳಿ. ನಾನು ಕುಳಿತುಕೊಳ್ಳುವುದಿಲ್ಲ, ಮೊದಲ ಪ್ರಶ್ನೆ ಬರುವವರೆಗೆ ಇಲ್ಲೇ ನಿಂತಿರುತ್ತೇನೆ.